ಭಂಗಾರದ ಗಾಡಿಯಲ್ಲಿ ಬಂಗಾರ

ಮುಂಬಯಿಗೆ ಹೊಸದಾಗಿ ಬಂದಿಳಿದ ಕನ್ನಡಿಗನ ಕಿವಿಗೆ ಬೀಳುವ ಮೊದಲ ಮರಾಠಿ ಶಬ್ದಗಳಲ್ಲಿ ‘ಭಂಗಾರ’ವೂ ಒಂದು. ಕೈಗಾಡಿ ತಳ್ಳುತ್ತ, ಆ ಶಬ್ದವನ್ನು ರಾಗವಾಗಿ ಕೂಗುತ್ತ ಚಾಳಿನ ಮುಂದೆ ಹಾದುಹೋಗುವವನು ಬಂಗಾರ ಕೊಳ್ಳುವವನಲ್ಲ, ಗುಜರಿ ಕೊಳ್ಳುವವನು ಎಂಬುದು ನಮ್ಮವರಿಗೆ ಅರ್ಥವಾಗಲು ನಾಲ್ಕು ದಿನ ಬೇಕಾಗುತ್ತದೆ. ಒಂದು ಮಹಾಪ್ರಾಣದ ಅಂತರದಲ್ಲಿ ಚಿನ್ನವು ತುಕ್ಕು ಹಿಡಿದ ಕಬ್ಬಿಣವಾಗಿಬಿಡುತ್ತದೆ. ಆದರೆ ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಆ ಗಾಡಿಯಲ್ಲಿ ನಿಜವಾಗಿಯೂ ಒಂದಿಷ್ಟು ಬಂಗಾರ ಹೋಗುತ್ತಿದೆ. ಅದರ ಜೊತೆಯಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ ಹೋಗುತ್ತಿವೆ. ನಮ್ಮ ಗಿರಾಕಿಗಳ ಹೆಸರು, ವಿಳಾಸ, ಆಧಾರ್ ಸಂಖ್ಯೆಗಳೂ ಹೋಗುತ್ತಿವೆ. ಹಳೆಯ ಕಂಪ್ಯೂಟರಿನ ವಿಲೇವಾರಿಯ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತು ಆಡಬೇಕೆಂದು ನಾವು ಇಂದು ಈ ಸ್ಥಳವನ್ನು ಬಳಸಿಕೊಳ್ಳುತ್ತಿದ್ದೇವೆ.

ಇದಕ್ಕೆ ಸಮಯವೂ ಕೂಡಿಬಂದಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ‘ವಿಂಡೋಸ್ 10’ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ‘ವಿಂಡೋಸ್ 11’ ಹಳೆಯ ಯಂತ್ರಗಳನ್ನೆಲ್ಲ ತನ್ನ ಪಂಕ್ತಿಗೆ ಸೇರಿಸಿಕೊಳ್ಳುವುದಿಲ್ಲ. ಆ ಯಂತ್ರ ಇಂಥ ಕಾಲದ ಪ್ರೊಸೆಸರನ್ನು ಹೊಂದಿರಬೇಕು, ಇಂಥ ಭದ್ರತಾ ಚಿಪ್ಪು ಅದರಲ್ಲಿರಬೇಕು ಎಂಬ ಕಟ್ಟಳೆಗಳಿವೆ. ಹೀಗಾಗಿ ನಿನ್ನೆಯವರೆಗೆ ನೆಟ್ಟಗೆ ಕೆಲಸ ಮಾಡಿಕೊಂಡಿದ್ದ ಎಷ್ಟೋ ಯಂತ್ರಗಳು, ತಮ್ಮಲ್ಲಿ ಯಾವ ರೋಗವೂ ಇಲ್ಲದೆ, ಕಚೇರಿಗಳ ಮೂಲೆ ಸೇರಿವೆ. ಹೋಟೇಲಿನ ಗಲ್ಲೆಯ ಮೇಲೆ ಬಿಲ್ಲು ಮಾಡುವ ಯಂತ್ರ, ಅದಕ್ಕೆ ತಗುಲಿಸಿದ ಚಿಕ್ಕ ಪ್ರಿಂಟರು, ಮೆಟ್ಟಿಲ ಕೆಳಗೆ ಕೂತ ಯುಪಿಎಸ್, ಅಟ್ಟದ ಮೇಲಿನ ದಪ್ಪ ಹೊಟ್ಟೆಯ ಹಳೆಯ ಮಾನಿಟರು, ಕಪಾಟಿನಲ್ಲಿ ಸತ್ತು ಬಿದ್ದ ಮೂರು ನಾಲ್ಕು ಮೊಬೈಲುಗಳು, ಇವೆಲ್ಲಕ್ಕೂ ಒಂದು ದಿನ ಬಾಗಿಲು ತೋರಿಸಲೇಬೇಕಾಗುತ್ತದೆ. ಆ ದಿನ ಬಾಗಿಲ ತನಕ ಅವುಗಳನ್ನು ಹೊತ್ತು ತರುವ ಕೈ ಯಾರದು?

ಧಣಿಗಳದಲ್ಲ, ಕಂಪನಿಯ ಡೈರೆಕ್ಟರರದಂತೂ ಅಲ್ಲ. ಹೋಟೇಲಿನಲ್ಲಿ ಅದು ಮಾಣಿಯ ಕೈ. ಕಚೇರಿಯಲ್ಲಿ ಅದು ಕಾರಕೂನನ ಕೈ. ನಿರುಪಯುಕ್ತ ಸಾಮಾನುಗಳ ಯಾದಿ ಮಾಡುವವನು ಅವನು, ಮೂರು ಕಡೆಯಿಂದ ದರಪಟ್ಟಿ ತರಿಸುವವನು ಅವನು, ಗೇಟ್‌ಪಾಸ್ ಬರೆದು ಮೇಲಿನವರ ಸಹಿ ಹಾಕಿಸಿಕೊಂಡು ಬರುವವನೂ ಅವನೇ. ಈ ವಿಷಯ ಸರಕಾರಕ್ಕೂ ಕಾರ್ಖಾನೆಗಳಿಗೂ ಸಂಬಂಧಿಸಿದ್ದು, ನಮ್ಮಂಥವರಿಗೇನು ಎಂದು ನಮ್ಮ ವಾಚಕರು ಪುಟ ಮಗುಚುವ ಹಾಗಿಲ್ಲ. ದೊಡ್ಡವರು ತೀರ್ಮಾನಿಸುವುದು ಹೊಸ ಯಂತ್ರ ಕೊಳ್ಳುವಾಗ. ಹಳೆಯದು ಎಲ್ಲಿಗೆ ಹೋಗಬೇಕೆಂಬುದನ್ನು ಬಹುಮಟ್ಟಿಗೆ ನಾವೇ ತೀರ್ಮಾನಿಸುತ್ತೇವೆ, ಅದೂ ಅರ್ಧ ಗಳಿಗೆಯಲ್ಲಿ, ಯಾವನು ಹತ್ತು ರೂಪಾಯಿ ಹೆಚ್ಚು ಕೊಡುತ್ತಾನೆಂದು ನೋಡಿಕೊಂಡು.

ಕಾನೂನು ಈ ಅರ್ಧ ಗಳಿಗೆಯೊಳಗೆ ತಲೆ ಹಾಕುವುದಿಲ್ಲ. ನಮ್ಮ ದೇಶದಲ್ಲಿ ಇ-ತ್ಯಾಜ್ಯದ ಬಗ್ಗೆ ಮೊದಲ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ ತಿಂಗಳಿನಿಂದ ಜಾರಿಗೆ ಬಂದವು. ಅವು 2016ರಲ್ಲಿ ಬದಲಾದವು. 2022ರಲ್ಲಿ ಮತ್ತೆ ಹೊಸದಾಗಿ ರಚಿತವಾಗಿ 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಯಂತ್ರವನ್ನು ತಯಾರಿಸಿ ಅಥವಾ ಆಮದು ಮಾಡಿ ಮಾರಿದವನೇ ಅದರ ಅಂತ್ಯಕ್ಕೂ ಹೊಣೆ ಎಂಬುದು ಅವುಗಳ ತಿರುಳು. ತತ್ತ್ವ ಒಳ್ಳೆಯದು. ಬಳಸುವವರ ಪೈಕಿ ‘ಸಗಟು ಬಳಕೆದಾರ’ರಿಗೂ ಕರ್ತವ್ಯವನ್ನು ವಿಧಿಸಲಾಗಿದೆ. ಅವರು ಹಳೆಯ ಸಾಮಾನನ್ನು ನೋಂದಾಯಿತ ಸಂಸ್ಥೆಗೇ ಒಪ್ಪಿಸತಕ್ಕದ್ದು. ಆದರೆ ಸಗಟು ಬಳಕೆದಾರನೆನಿಸಿಕೊಳ್ಳಲು ಒಂದು ಆರ್ಥಿಕ ವರ್ಷದಲ್ಲಿ ಒಂದು ಸಾವಿರ ನಗಕ್ಕೆ ಕಡಿಮೆಯಿಲ್ಲದಂತೆ ಇಂಥ ಉಪಕರಣಗಳು ಬಳಕೆಯಲ್ಲಿರಬೇಕು. ಮಾಟುಂಗದ ಹೋಟೇಲಿಗೆ ಸಾವಿರ ಯಂತ್ರಗಳೆಲ್ಲಿಂದ ಬರಬೇಕು? ಕೋಟೆಯ ಹಿಂದಿನ ಓಣಿಯ ಹತ್ತು ಮೇಜಿನ ಕಚೇರಿಗೆಲ್ಲಿಂದ? ಅಂದ ಮೇಲೆ ನಮ್ಮನ್ನು ಹಿಡಿದಿಡುವ ಕಟ್ಟು ಕಾನೂನಿನದಲ್ಲ, ತಿಳಿವಳಿಕೆಯದು. ಆ ತಿಳಿವಳಿಕೆಗೆ ಕಂಪ್ಯೂಟರಿನ ಒಡಲೊಳಗೆ ಒಮ್ಮೆ ಇಣುಕಿ ನೋಡಬೇಕು.

ದಪ್ಪ ಹೊಟ್ಟೆಯ ಹಳೆಯ ಮಾನಿಟರಿನ ಹಿಂಬದಿಯ ಗಾಜು ಬರಿಯ ಗಾಜಲ್ಲ. ಅದರ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಸೀಸದ ಆಕ್ಸೈಡು. ಒಳಗಿನ ಕಿರಣಗಳು ಹೊರಬಾರದಿರಲೆಂದು ಅದನ್ನು ಬೆರೆಸಿದ್ದು. ಕೂತು ನೋಡುವವನಿಗೆ ಅದು ರಕ್ಷಣೆ, ಒಡೆಯುವವನಿಗೆ ಶಿಕ್ಷೆ. ಅದಾದ ಮೇಲೆ ಬಂದ ಚಪ್ಪಟೆ ಪರದೆಗಳಲ್ಲಿ ಮೊದಮೊದಲಿನವುಗಳ ದೀಪದ ಕೊಳವೆಯಲ್ಲಿ ಪಾದರಸವಿದೆ. ಹಳೆಯ ಹಸುರು ಹಲಗೆಗಳ ಬೆಸುಗೆಯಲ್ಲಿ ತವರದೊಡನೆ ಸೀಸ ಬೆರೆತಿದೆ. ತಂತಿಯ ಮೇಲಿನ ಹೊದಿಕೆ ಪಿವಿಸಿ. ತಾಮ್ರ ತೆಗೆಯಲೆಂದು ಅದನ್ನು ಬಯಲಲ್ಲಿ ಸುಟ್ಟರೆ ಏಳುವ ಕರಿಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಇವುಗಳಲ್ಲಿ ಯಾವುದೂ ಯಂತ್ರ ಮೇಜಿನ ಮೇಲೆ ಕೂತಿರುವಷ್ಟು ದಿನ ಯಾರಿಗೂ ಕೇಡು ಮಾಡುವುದಿಲ್ಲ. ಸುತ್ತಿಗೆಯ ಪೆಟ್ಟು ಬಿದ್ದಾಗ, ಬೆಂಕಿ ಸೋಕಿದಾಗ, ಆಮ್ಲ ಸುರಿದಾಗ ಕೇಡು ಪ್ರಾರಂಭವಾಗುತ್ತದೆ.

ಸುತ್ತಿಗೆ ಬೀಳುವ ಸ್ಥಳಗಳಾವುವು? ದಿಲ್ಲಿಯ ಸೀಲಮ್‌ಪುರದ ಓಣಿಗಳು ಅದಕ್ಕೆ ಹೆಸರಾಗಿವೆ. ಅಲ್ಲಿ ಮನೆಯ ಪಡಸಾಲೆಯೇ ಕಾರ್ಖಾನೆ. ನೆಲದ ಮೇಲೆ ಕೂತು ಹೆಂಗಸರು ಮಕ್ಕಳು ತಂತಿ ಬಿಡಿಸುತ್ತಾರೆ, ಹಲಗೆಯನ್ನು ಉರಿಯ ಮೇಲೆ ಹಿಡಿದು ಚಿಪ್ಪುಗಳನ್ನು ಕಳಚುತ್ತಾರೆ. ಉತ್ತರ ಪ್ರದೇಶದ ಮುರಾದಾಬಾದ್ ಹಿಂದಿನಿಂದಲೂ ಹಿತ್ತಾಳೆಯ ಪಾತ್ರೆಗಳಿಗೆ ಪ್ರಸಿದ್ಧವಾದ ಊರು. ಹಿತ್ತಾಳೆಯ ಕೆಲಸ ಕುಗ್ಗಿದಾಗ ಅಲ್ಲಿಯ ಎಷ್ಟೋ ಕುಟುಂಬಗಳು ಕಂಪ್ಯೂಟರ್ ಹಲಗೆಗಳನ್ನು ಸುಟ್ಟು ಲೋಹ ತೆಗೆಯುವ ಕೆಲಸಕ್ಕಿಳಿದವು. ಸುಟ್ಟ ಬೂದಿ ರಾಮಗಂಗಾ ನದಿಯ ದಂಡೆಗೆ ಬಿತ್ತು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ಮುಂಬಯಿಯಲ್ಲಿ ಕುರ್ಲಾ, ಸಾಕಿನಾಕಾ, ಧಾರಾವಿಗಳ ಗುಜರಿ ಓಣಿಗಳನ್ನು ನಮ್ಮ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ನಮ್ಮವರೇ ಎಷ್ಟೋ ಜನ ಅವುಗಳ ಮಗ್ಗುಲಲ್ಲಿ ವಾಸಿಸುತ್ತಾರೆ. ಎಳೆಯ ಮಕ್ಕಳ ಮೆದುಳಿಗೆ ಸೀಸ ಮಾಡುವ ಹಾನಿ ಹೋದದ್ದು ಮರಳಿ ಬಾರದಂಥದು ಎಂಬುದನ್ನು ವೈದ್ಯಶಾಸ್ತ್ರ ಬಹು ಹಿಂದೆಯೇ ಒಪ್ಪಿದೆ. ಇ-ತ್ಯಾಜ್ಯದ ರಾಶಿಗಳ ನಡುವೆ ಬೆಳೆಯುವ ಮಕ್ಕಳ ಕುರಿತೇ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಒಂದು ವರದಿಯನ್ನು ಹೊರಡಿಸಿತು.

ಒಂದು ಕಾಲದಲ್ಲಿ ಶ್ರೀಮಂತ ದೇಶಗಳು ತಮ್ಮ ಕಸವನ್ನು ನಮ್ಮ ಬಾಗಿಲಿಗೆ ಸುರಿಯುತ್ತವೆಂದು ನಾವು ದೂರುತ್ತಿದ್ದೆವು. ಅದು ಸುಳ್ಳೂ ಆಗಿರಲಿಲ್ಲ. ಅದನ್ನು ತಡೆಯಲೆಂದೇ 1989ರಲ್ಲಿ ಬಾಸೆಲ್ ಒಪ್ಪಂದವಾಯಿತು. ಈಗಲಾದರೋ ನಮ್ಮ ಮನೆಯ ಕಸವೇ ನಮಗೆ ಧಾರಾಳವಾಗಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದುದೆಂದು ದಾಖಲೆಯಿರುವುದು ಅದರಲ್ಲಿ ಶೇಕಡಾ 22.3 ಮಾತ್ರ. ಇ-ತ್ಯಾಜ್ಯವನ್ನು ಅತಿ ಹೆಚ್ಚಾಗಿ ಹುಟ್ಟಿಸುವ ದೇಶಗಳ ಮುಂಚೂಣಿಯಲ್ಲಿ ಭಾರತವೂ ಇದೆ.

ಇನ್ನು ಬಂಗಾರದ ಮಾತು. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಭೂಮಿಯ ಆಳಕ್ಕಿಳಿದು ಕಲ್ಲು ಒಡೆದು ತರುತ್ತಾರೆ. ಒಂದು ಟನ್ ಕಲ್ಲನ್ನು ಅರೆದರೆ ಕೈಗೆ ಹತ್ತುವ ಚಿನ್ನ ಕೆಲವೇ ಗ್ರಾಂ. ಕಂಪ್ಯೂಟರಿನ ಹಸುರು ಹಲಗೆಗಳದೇ ಒಂದು ಟನ್ ಕೂಡಿಹಾಕಿದರೆ ಅದರಲ್ಲಿ ಚಿನ್ನ ನೂರು ಗ್ರಾಂ ದಾಟುವುದುಂಟು. ಸಂಪರ್ಕದ ತುದಿಗಳಿಗೆ ತುಕ್ಕು ಹಿಡಿಯದಿರಲೆಂದು ಬಳಿದ ತೆಳ್ಳಗಿನ ಲೇಪವದು. ಈ ಲೇಪಕ್ಕಾಗಿ ಸೀಲಮ್‌ಪುರದ ಹುಡುಗ ಬರಿಗೈಯಲ್ಲಿ ಆಮ್ಲದ ತೊಟ್ಟಿಗೆ ಹಲಗೆಯನ್ನು ಅದ್ದುತ್ತಾನೆ. ಆ ಚಿನ್ನವಾದರೂ ಪೂರ್ತಿ ಸಿಕ್ಕುತ್ತದೆಯೇ? ಬೆಂಗಳೂರಿನ ಗುಜರಿ ಕೇರಿಗಳಲ್ಲಿ ನಡೆಯುತ್ತಿದ್ದ ಈ ಬಗೆಯ ಕೆಲಸವನ್ನು ಪರೀಕ್ಷಿಸಿದ ತಜ್ಞರು, ಹಲಗೆಯಲ್ಲಿದ್ದ ಚಿನ್ನದಲ್ಲಿ ಹೆಚ್ಚೆಂದರೆ ಕಾಲು ಪಾಲು ಕೈಗೆ ಬರುತ್ತದೆಂದೂ, ಸುಸಜ್ಜಿತವಾದ ಕುಲುಮೆಗಳಲ್ಲಾದರೆ ಶೇಕಡಾ 90ಕ್ಕೂ ಮೀರಿ ತೆಗೆಯಬಹುದೆಂದೂ ಕಂಡುಕೊಂಡರು. ಮಿಕ್ಕ ಮುಕ್ಕಾಲು ಪಾಲು ಆಮ್ಲದೊಡನೆ ಮೋರಿಗೆ ಹೋಗುತ್ತದೆ. ಕೈಯೂ ಸುಟ್ಟಿತು, ಚಿನ್ನವೂ ಹೋಯಿತು, ಬಾವಿಯ ನೀರೂ ಕೆಟ್ಟಿತು. ಇದಕ್ಕೆ ದುಂದುಗಾರಿಕೆ ಎಂಬ ಹೆಸರೂ ಸಾಲದು.

ಹೀಗೆಂದ ಮಾತ್ರಕ್ಕೆ ಗುಜರಿಯವನನ್ನು ಖಳನಾಯಕನನ್ನಾಗಿ ನಿಲ್ಲಿಸುವ ಉದ್ದೇಶ ನಮಗಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಕೂತು ಪರಿಸರದ ಬಗ್ಗೆ ಬರೆಯುವ ಕೆಲವರಿಗೆ ಅದೊಂದು ಚಟವಾಗಿದೆ. ನಮ್ಮ ನಗರಗಳ ರದ್ದಿ, ಬಾಟಲಿ, ತಗಡು, ಪ್ಲಾಸ್ಟಿಕ್ ಇಷ್ಟಾದರೂ ಕಸದ ಗುಡ್ಡ ಸೇರದೆ ಮತ್ತೆ ಬಳಕೆಗೆ ಬರುತ್ತಿದ್ದರೆ ಅದರ ಶ್ರೇಯಸ್ಸು ಅವನಿಗೆ ಸಲ್ಲಬೇಕು. ಊರು ಬಿಟ್ಟು ಬಂದು, ಮಳೆ ಬಿಸಿಲೆನ್ನದೆ ಗಾಡಿ ತಳ್ಳಿ, ರಾತ್ರಿ ಅದೇ ಗಾಡಿಯ ಕೆಳಗೆ ಮಲಗುವವನ ಬಾಳು ಹೋಟೇಲಿನ ಮೇಜುಗಳ ನಡುವೆ ಚಾಪೆ ಹಾಸಿ ಮಲಗಿ ಮೇಲೆ ಬಂದ ನಮ್ಮವರಿಗೆ ತಿಳಿಯದ ವಿಷಯವಲ್ಲ. ಅವನು ಸಾಮಾನನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಹಲಗೆ ಮತ್ತು ಬ್ಯಾಟರಿಗಳನ್ನು ಮಾತ್ರ ನೋಂದಾಯಿತ ಕಾರ್ಖಾನೆಗೆ ಮಾರಿದರೆ ಯಾರಿಗೂ ತಕರಾರಿಲ್ಲ. ಅಂಥ ಕಾರ್ಖಾನೆ ಅವನಿಗೆ ಗೊತ್ತಿರಬೇಕು, ಅದು ಅವನಿಗೆ ಒಳ್ಳೆಯ ಬೆಲೆ ಕೊಡಬೇಕು, ಅಷ್ಟೆ. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ ‘ಇ-ಪರಿಸರ’ ಎಂಬ ಸಂಸ್ಥೆಯು 2005ರಲ್ಲಿಯೇ ಸರಕಾರದ ಅಧಿಕೃತ ಒಪ್ಪಿಗೆ ಪಡೆದು ಈ ಕೆಲಸ ಪ್ರಾರಂಭಿಸಿತು. ಈ ಮಾರ್ಗದಲ್ಲಿ ಕನ್ನಡನಾಡು ದೇಶಕ್ಕೆ ಮುಂಚೆಯೇ ಹೆಜ್ಜೆಯಿಟ್ಟಿತೆಂಬುದು ನಮಗೆ ಅಭಿಮಾನದ ಸಂಗತಿ. ಇಂದು ಇಂಥ ಸಂಸ್ಥೆಗಳು ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣಗಳಲ್ಲಿಯೂ ಇವೆ.

ಬೆಲೆಯ ವಿಷಯ ಬಂದಾಗ ದೊಡ್ಡವರ ನಡತೆಯನ್ನೂ ಹೇಳಿಬಿಡಬೇಕು. ಉತ್ಪಾದಕರು ಮರುಬಳಕೆದಾರರಿಗೆ ಕಿಲೋಗೆ ಕನಿಷ್ಠ 22 ರೂಪಾಯಿ ತೆರಬೇಕೆಂದು ಸರಕಾರವು 2024ರಲ್ಲಿ ಗೊತ್ತುಪಡಿಸಿತು. ಮರುಬಳಕೆಯ ಕಾರ್ಖಾನೆಗೆ ನಾಲ್ಕು ಕಾಸು ಉಳಿದರೆ ಅದು ಗುಜರಿಯವನಿಗೂ ನಾಲ್ಕು ಕಾಸು ಹೆಚ್ಚು ಕೊಟ್ಟೀತು, ಸಾಮಾನು ಸುತ್ತಿಗೆಯ ಓಣಿಗಳ ಬದಲು ಸರಿಯಾದ ಬಾಗಿಲಿಗೆ ಬಂದೀತು ಎಂಬುದು ಅದರ ಹಿಂದಿನ ಆಶಯ. ಹಲವು ದೊಡ್ಡ ಕಂಪನಿಗಳು ಈ ದರ ವಿಪರೀತವಾಯಿತೆಂದು 2025ರಲ್ಲಿ ದಿಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಸಾವಿರಾರು ರೂಪಾಯಿಯ ಯಂತ್ರವನ್ನು ಮಾರುವಾಗ ಇಲ್ಲದ ಸಂಕಟ ಅದರ ಅಂತ್ಯಕ್ರಿಯೆಗೆ ಕಿಲೋಗೆ 22 ರೂಪಾಯಿ ಕೊಡುವಾಗ ಬಂದುದು ನಮಗೆ ವಿಚಿತ್ರವಾಗಿ ತೋರುತ್ತದೆ.

ಇದಕ್ಕಿಂತ ಸರಳವಾದ ಉಪಾಯ ನಮ್ಮ ಹೋಟೇಲುಗಳಲ್ಲಿಯೇ ಇದೆ. ಸೋಡಾದ ಗಾಜಿನ ಬಾಟಲಿಗೆ ಠೇವಣಿಯಿತ್ತು. ಖಾಲಿ ಬಾಟಲಿ ಮರಳಿಸಿದರೆ ಠೇವಣಿ ವಾಪಸು. ಅದಕ್ಕಾಗಿಯೇ ಮಾಣಿ ಬಾಟಲಿಗಳನ್ನು ಎಣಿಸಿ ಪೆಟ್ಟಿಗೆಯಲ್ಲಿಡುತ್ತಿದ್ದ, ಒಂದೂ ಬೀದಿಗೆ ಬೀಳುತ್ತಿರಲಿಲ್ಲ. ಇನ್‌ವರ್ಟರಿನ ಬ್ಯಾಟರಿಯ ವಿಷಯದಲ್ಲಿ ಇಂದಿಗೂ ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತವಿದೆ. ಆದ್ದರಿಂದ ಆ ಭಾರವಾದ ಬ್ಯಾಟರಿಯನ್ನು ಯಾರೂ ರಸ್ತೆಗೆಸೆಯುವುದಿಲ್ಲ. ಮಾರುವಾಗಲೇ ಠೇವಣಿ ಪಡೆದು, ಯಂತ್ರ ಮರಳಿದಾಗ ಬಡ್ಡಿ ಸಮೇತ ಹಿಂದಿರುಗಿಸುವ ಇಂಥದೇ ಯೋಜನೆಯ ಮಾತು 2016ರ ನಿಯಮಗಳಲ್ಲಿತ್ತು. ಅಂಗಡಿಯ ಕಟ್ಟೆಯ ಮೇಲೆ ಅದು ನಮ್ಮವರ ಕಣ್ಣಿಗೆ ಬೀಳಲೇ ಇಲ್ಲ. ಅದನ್ನು ಎಲ್ಲ ಕಂಪನಿಗಳಿಗೂ ಕಡ್ಡಾಯ ಮಾಡತಕ್ಕದ್ದೆಂದು ನಮ್ಮ ಸ್ಪಷ್ಟವಾದ ಅಭಿಮತ. ಸೋಡಾ ಬಾಟಲಿಯ ಅರ್ಥಶಾಸ್ತ್ರ ದಿಲ್ಲಿಯ ಅಧಿಕಾರಿಗಳಿಗೆ ತಿಳಿಯದಷ್ಟು ಗಹನವೇನಲ್ಲ.

ಅದು ಆಗುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲನೆಯ ಮಾತು, ಎಸೆಯುವ ಮುನ್ನ ಅದು ನಿಜವಾಗಿ ಸತ್ತಿದೆಯೇ ಎಂದು ನೋಡುವುದು. ನಿಧಾನವಾದ ಕಂಪ್ಯೂಟರಿಗೆ ಒಂದಿಷ್ಟು ಹೆಚ್ಚಿನ ರ್‍ಯಾಮ್ ಸೇರಿಸಿ, ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಅದು ಇನ್ನೂ ನಾಲ್ಕೈದು ವರ್ಷ ದುಡಿಯುತ್ತದೆ. ವಿಂಡೋಸ್ 11 ಒಲ್ಲೆನೆಂದ ಯಂತ್ರಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶವಿದೆ. ಪತ್ರ ಬರೆಯಲು, ಲೆಕ್ಕ ಇಡಲು, ಇಂಟರ್ನೆಟ್ಟಿನಲ್ಲಿ ಓದಲು ಅದು ಧಾರಾಳವಾಗಿ ಸಾಕು, ಕನ್ನಡವೂ ಅದರಲ್ಲಿ ಚೆನ್ನಾಗಿ ಬರುತ್ತದೆ. ಬಿಲ್ಲಿನ ತಂತ್ರಾಂಶ ಮಾತ್ರ ಅದರಲ್ಲಿ ನಡೆಯುತ್ತದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳಬೇಕು.

ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ತಟ್ಟೆ ಎತ್ತಿ, ರಾತ್ರಿ ಅಕ್ಷರ ಕಲಿತು ವಕೀಲರೂ ಲೆಕ್ಕಪರಿಶೋಧಕರೂ ಆದವರು ನಮ್ಮ ಸಮಾಜದಲ್ಲಿ ವಿರಳವಲ್ಲ. ಆ ಕಾಲದಲ್ಲಿ ಬೇಕಾದದ್ದು ಪಾಟಿ ಬಳಪ. ಇಂದು ಊರಿನಿಂದ ಬರುವ ಹುಡುಗನಿಗೆ ಬೇಕಾದದ್ದು ಬೆರಳು ಆಡಿಸಲು ಒಂದು ಕಂಪ್ಯೂಟರು. ಅವನ ಕೈಯಲ್ಲಿ ಮೊಬೈಲಿದೆ, ಆದರೆ ಮೊಬೈಲಿನಲ್ಲಿ ಟ್ಯಾಲಿ ಕಲಿಯಲಾಗುವುದಿಲ್ಲ, ಅರ್ಜಿ ಟೈಪು ಮಾಡುವ ಅಭ್ಯಾಸವೂ ಆಗುವುದಿಲ್ಲ. ಕಚೇರಿ ಹೊರಹಾಕುವ ಆರು ಯಂತ್ರಗಳಲ್ಲಿ ನಾಲ್ಕು ಒಳ್ಳೆಯವಿದ್ದರೆ ಅವು ಸಂಘದ ಕೋಣೆಗೆ ಬರಲಿ. ಆದರೆ ದಾನದ ಹೆಸರಿನಲ್ಲಿ ಹೆಣ ಕಳಿಸುವ ಪದ್ಧತಿ ಬೇಡ. ಚಾಲೂ ಆಗದ ಯಂತ್ರ, ಕೀಲಿಗಳುದುರಿದ ಕೀಬೋರ್ಡು, ತಂತಿಯಿಲ್ಲದ ಪ್ರಿಂಟರುಗಳನ್ನು ಶಾಲೆಗೆ ಕೊಟ್ಟು ಫೋಟೋ ತೆಗೆಸಿಕೊಂಡರೆ, ಗುಜರಿಗೆ ಸಾಗಿಸುವ ಕೂಲಿಯನ್ನು ಬಡಶಾಲೆಯ ತಲೆಗೆ ಕಟ್ಟಿದಂತೆ. ಅರ್ಧ ಗಂಟೆ ಓಡಿಸಿ ನೋಡಿ, ಎಲ್ಲ ತಂತಿಗಳನ್ನೂ ಜೋಡಿಸಿ ಕೊಟ್ಟದ್ದು ಮಾತ್ರ ದಾನ.

ಎರಡನೆಯದು ಗುಟ್ಟಿನ ಮಾತು. ಕಾರಕೂನರು ಇದನ್ನು ಗಮನವಿಟ್ಟು ಓದಬೇಕು. ಕಂಪ್ಯೂಟರಿನಲ್ಲಿ ಒಂದು ಕಾಗದವನ್ನು ಅಳಿಸಿದೆವೆಂದು ನಾವು ತಿಳಿದಾಗ ಅದು ಅಳಿದಿರುವುದಿಲ್ಲ. ಗ್ರಂಥದ ಪರಿವಿಡಿಯನ್ನು ಹರಿದು ಹಾಕಿ ಅಧ್ಯಾಯಗಳನ್ನು ಹಾಗೆಯೇ ಬಿಟ್ಟಂತಾಗಿರುತ್ತದೆ. ಅವಸರದ ಫಾರ್ಮ್ಯಾಟ್ ಕೂಡ ಅಷ್ಟೆ. ಬಲ್ಲವನು ಅದನ್ನು ಮತ್ತೆ ಎತ್ತಿ ಓದಬಲ್ಲ. ಲಾಜಿನ ಕಂಪ್ಯೂಟರಿನಲ್ಲಿ ಏನೇನಿದೆಯೆಂದು ಎಣಿಸಿ ನೋಡಿ. ಬಂದು ತಂಗಿದವರ ಗುರುತುಚೀಟಿಯ ನಕಲುಗಳು, ಫೋನ್ ನಂಬರುಗಳು, ಯಾರ ಜೊತೆ ಯಾರು ಯಾವ ದಿನ ಬಂದರೆಂಬ ವಿವರ. ಕಚೇರಿಯ ಯಂತ್ರದಲ್ಲಿ ಸಿಬ್ಬಂದಿಯ ಸಂಬಳದ ಪಟ್ಟಿ, ಪ್ಯಾನ್ ಸಂಖ್ಯೆ, ಬ್ಯಾಂಕಿನ ಖಾತೆ. ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿಯೂ ಹಾರ್ಡ್ ಡಿಸ್ಕ್ ಇರುತ್ತದೆಂಬುದು, ಸಿಸಿಟಿವಿಯ ಪೆಟ್ಟಿಗೆಯಲ್ಲಿಯೂ ಇರುತ್ತದೆಂಬುದು ಹಲವರಿಗೆ ಹೊಳೆಯುವುದೇ ಇಲ್ಲ. ಇದೆಲ್ಲ ನಮ್ಮ ಸ್ವಂತ ಗುಟ್ಟಲ್ಲ, ನಮ್ಮನ್ನು ನಂಬಿದವರ ಗುಟ್ಟು. ಜನರ ಖಾಸಗಿ ವಿವರಗಳ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಒಂದು ಕಾಯಿದೆಯನ್ನೇ ಮಾಡಿದೆ. ಕಾಯಿದೆ ಇಲ್ಲದಿದ್ದರೂ ಗಿರಾಕಿಯ ಗುರುತುಚೀಟಿ ಮೂರು ಕಾಸಿಗೆ ಬೀದಿಪಾಲಾಗಬಾರದಷ್ಟೆ.

ಉಪಾಯ ಕಷ್ಟವಲ್ಲ. ಬೇಕಾದದ್ದನ್ನು ಬೇರೆಡೆಗೆ ನಕಲು ಮಾಡಿಕೊಂಡ ಮೇಲೆ, ಡಿಸ್ಕಿನ ಮೇಲೆ ಆದಿಯಿಂದ ಅಂತ್ಯದವರೆಗೆ ಅರ್ಥವಿಲ್ಲದ ಅಂಕಿಗಳನ್ನು ಬರೆದು ತುಂಬಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ರಾತ್ರಿ ಹಚ್ಚಿಟ್ಟು ಹೋದರೆ ಬೆಳಗಿನೊಳಗೆ ಕೆಲಸ ಮುಗಿಯುತ್ತದೆ. ಎಸ್‌ಎಸ್‌ಡಿಗೆ ಈ ವಿಧಾನವನ್ನು ನೆಚ್ಚುವಂತಿಲ್ಲ. ಅದನ್ನು ತಯಾರಿಸಿದವರೇ ಕೊಡುವ ಅಳಿಸುವ ಆಜ್ಞೆಯನ್ನು ಬಳಸಬೇಕು. ಡಿಸ್ಕ್ ಓಡುವುದೇ ಇಲ್ಲವೆಂದಾದರೆ ನಾಲ್ಕು ತಿರುಪು ಬಿಚ್ಚಿ ಹೊರತೆಗೆದು, ಬಡಗಿಯಿಂದ ಡ್ರಿಲ್ ಮಾಡಿಸಿ ಒಳಗಿನ ತಟ್ಟೆಗಳಲ್ಲಿ ಮೂರು ತೂತು ಕೊರೆಸಿದರೆ ಆಯಿತು. ಮೊಬೈಲಿನಲ್ಲಿ ಖಾತೆಯಿಂದ ಹೊರಬಂದು, ಸಿಮ್ಮು ಮತ್ತು ಮೆಮೊರಿ ಕಾರ್ಡು ತೆಗೆದು, ಕಾರ್ಖಾನೆಯಿಂದ ಬಂದ ಸ್ಥಿತಿಗೆ ತರುವ ಗುಂಡಿ ಒತ್ತಬೇಕು.

ಸಹಿಯಾದರೆ ಹೊಣೆ ಮುಗಿಯಿತೆಂಬ ಭಾವನೆ ಕಚೇರಿಗಳಲ್ಲಿ ಬೇರೂರಿದೆ. ಅದಕ್ಕೊಂದು ಘೋರ ಉದಾಹರಣೆಯಿದೆ. ದಿಲ್ಲಿ ವಿಶ್ವವಿದ್ಯಾಲಯವು ಪ್ರಯೋಗಶಾಲೆಯಲ್ಲಿ ವರ್ಷಾನುಗಟ್ಟಲೆ ಬಳಕೆಯಿಲ್ಲದೆ ಬಿದ್ದಿದ್ದ ಉಪಕರಣವೊಂದನ್ನು 2010ರಲ್ಲಿ ಹರಾಜು ಹಾಕಿತು. ಹರಾಜು ಹಾಕಿದ್ದು ಬಹಿರಂಗವಾಗಿಯೇ. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ವಸ್ತುವಿತ್ತು. ಮಾಯಾಪುರಿಯ ಗುಜರಿ ಪೇಟೆಯಲ್ಲಿ ಅದನ್ನು ಕತ್ತರಿಸಿದಾಗ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ಸತ್ತ. ಕಂಪ್ಯೂಟರಿನಲ್ಲಿ ಅಂಥ ವಿಕಿರಣ ವಸ್ತುವೇನೂ ಇಲ್ಲ, ವಾಚಕರು ಗಾಬರಿಯಾಗಬೇಕಾಗಿಲ್ಲ. ಆದರೆ ‘ನಿರುಪಯುಕ್ತ’ ಎಂಬ ಷರಾ ಬರೆಯುವವನು, ಒಳಗೇನಿದೆ, ಇದನ್ನು ಒಡೆಯುವವನಾರು ಎಂಬ ಎರಡು ಪ್ರಶ್ನೆಗಳನ್ನು ಕಡತದಲ್ಲಿ ಬರೆದು ಮೇಲಕ್ಕೆ ಕಳಿಸಿದರೆ ಯಾವ ಮೇಲಧಿಕಾರಿಯೂ ಅವನನ್ನು ಕೆಲಸದಿಂದ ತೆಗೆಯಲಾರ. ನೋಂದಾಯಿತ ಮರುಬಳಕೆದಾರರ ಪಟ್ಟಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ರಾಜ್ಯವಾರು ಸಿಗುತ್ತದೆ. ದರಪಟ್ಟಿಯನ್ನು ಆ ಯಾದಿಯೊಳಗಿನವರಿಂದಲೇ ತರಿಸಬಹುದು. ಸಾಮಾನು ಒಪ್ಪಿಸಿದಾಗ ತೂಕ, ದಿನಾಂಕ, ನೋಂದಣಿ ಸಂಖ್ಯೆಗಳಿರುವ ರಸೀದಿ ಪಡೆದು ಕಡತಕ್ಕೆ ಸೇರಿಸಬೇಕು.

ಇನ್ನು ಹಣದ ಪ್ರಶ್ನೆ. ಉಪದೇಶ ಮಾಡುವವರು ಇದನ್ನು ಮುಟ್ಟುವುದಿಲ್ಲ, ನಾವು ಮುಟ್ಟಲೇಬೇಕು. ಅನೇಕ ಹೋಟೇಲುಗಳಲ್ಲಿ ಖಾಲಿ ಎಣ್ಣೆಡಬ್ಬ, ರದ್ದಿ, ಹಳೆಯ ಸಾಮಾನು ಮಾರಿ ಬಂದ ಪುಡಿಗಾಸು ಹುಡುಗರಿಗೆ ಸೇರುತ್ತದೆ. ಸಂಬಳ ಊರಿಗೆ ಹೋಗುತ್ತದೆ. ಈ ಪುಡಿಗಾಸು ಅವರ ಸಿನಿಮಾಕ್ಕೆ, ಒಂದು ಹೊಸ ಅಂಗಿಗೆ ಆಗುತ್ತದೆ. ಹಳೆಯ ಕಂಪ್ಯೂಟರಿಗೆ ಗಾಡಿಯವನು ಬಾಗಿಲಲ್ಲೇ ನಗದು ಕೊಡುತ್ತಾನೆ. ನೋಂದಾಯಿತ ಸಂಸ್ಥೆಯವನು ನಾಲ್ಕು ಸಾಮಾನಿಗಾಗಿ ವ್ಯಾನು ಕಳಿಸುವುದಿಲ್ಲ, ಕಳಿಸಿದರೂ ಕೊಡುವುದು ಕಡಿಮೆಯಿದ್ದೀತು. ಈ ವ್ಯತ್ಯಾಸವನ್ನು ಎಂಟು ಹತ್ತು ಸಾವಿರ ಸಂಬಳದ ಹುಡುಗ ಭರಿಸಲಿ, ಸೀಲಮ್‌ಪುರದ ಮಕ್ಕಳಿಗಾಗಿ ತ್ಯಾಗ ಮಾಡಲಿ ಎಂದು ಹೇಳುವುದಕ್ಕೆ ನಮಗೆ ಬಾಯಿ ಬರುವುದಿಲ್ಲ. ಅದನ್ನು ಭರಿಸಬೇಕಾದವರು ಧಣಿಗಳು. ಹೊಸ ಯಂತ್ರಕ್ಕೆ ಮೂವತ್ತು ನಲವತ್ತು ಸಾವಿರ ಕೊಡುವವರಿಗೆ, ಹಳೆಯದನ್ನು ಸರಿಯಾದ ಕಡೆಗೆ ಮುಟ್ಟಿಸಿ ಬಂದ ಹುಡುಗರ ಕೈಗೆ ನಾಲ್ಕೈದು ನೂರು ಕೊಡುವುದು ಭಾರವಲ್ಲ. ಹೋಟೇಲು ಮಾಲೀಕರ ಸಂಘಗಳು ಇದನ್ನೊಂದು ಪದ್ಧತಿಯಾಗಿ ಗೊತ್ತುಮಾಡಲಿ.

ನಾಲ್ಕು ಸಾಮಾನಿಗಾಗಿ ಬಾರದ ವ್ಯಾನು ನಲವತ್ತು ಸಾಮಾನಿಗೆ ಬರುತ್ತದೆ. ಇಲ್ಲಿ ನಮ್ಮ ಕನ್ನಡ ಸಂಘಗಳ ಕೆಲಸವಿದೆ. ಸನ್ಮಾನ, ನಾಟಕ, ಯಕ್ಷಗಾನಗಳ ನಡುವೆ ವರ್ಷಕ್ಕೊಂದು ದಿನವನ್ನು ಇದಕ್ಕೆ ಕೊಟ್ಟರೆ ಸಾಕು. ಸುತ್ತಲಿನ ಹೋಟೇಲು, ಅಂಗಡಿ, ಮನೆಗಳ ಸಾಮಾನು ಸಂಘದ ಅಂಗಳಕ್ಕೆ ಬರಲಿ. ಕೆಲಸಕ್ಕೆ ಬರುವವನ್ನು ಕಲಿಯುವ ಹುಡುಗರಿಗಾಗಿ ತೆಗೆದಿಟ್ಟು, ಮಿಕ್ಕದ್ದನ್ನು ತೂಕ ಮಾಡಿಸಿ ವ್ಯಾನಿಗೆ ಏರಿಸಿ, ಒಂದೇ ರಸೀದಿ ಪಡೆಯಬಹುದು. ಮೊಬೈಲು, ಲ್ಯಾಪ್‌ಟಾಪುಗಳ ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತಬಾರದು, ಚುಚ್ಚಬಾರದು, ಅಂಥವನ್ನು ಬೇರೆಯಾಗಿಯೇ ತರಬೇಕು. ಬಿಡಿ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಬೇಕು, ಇಲ್ಲದಿದ್ದರೆ ಚೀಲದೊಳಗೇ ಬೆಂಕಿ ಹತ್ತೀತು. ದಪ್ಪ ಹೊಟ್ಟೆಯ ಮಾನಿಟರನ್ನು ಇಬ್ಬರು ಹಿಡಿದು ಒಡೆಯದಂತೆ ತರಬೇಕು. ದಿನವನ್ನು ಆರಿಸುವಾಗ ಆದಿತ್ಯವಾರ ಹೋಟೇಲಿನವರಿಗೆ ಬಿಡುವಿನ ದಿನವಲ್ಲವೆಂಬುದನ್ನು ಕಾರ್ಯದರ್ಶಿಗಳು ಮರೆಯಬಾರದು. ವಾರದ ನಡುವಿನ ಒಂದು ದಿನ, ಊಟದ ಗದ್ದಲ ಮುಗಿದು ಸಂಜೆಯ ಕಾಫಿಗೆ ಒಲೆ ಹೊತ್ತಿಸುವುದರೊಳಗೆ, ಮೂರರಿಂದ ಐದು ಗಂಟೆಯವರೆಗಿನ ಹೊತ್ತು ಅವರಿಗೆ ಅನುಕೂಲ. ದೀಪಾವಳಿಗೆ ಅಟ್ಟ ಗುಡಿಸುವಾಗಲೇ ಹಳೆಯ ಸಾಮಾನುಗಳೆಲ್ಲ ಕೆಳಗಿಳಿಯುವುದರಿಂದ, ಅದಕ್ಕೆ ಹಿಂದಿನ ವಾರದ ಒಂದು ಬುಧವಾರವನ್ನು ಗೊತ್ತುಮಾಡಿ ಸಂಘದ ಫಲಕದ ಮೇಲೆ ಈಗಲೇ ಬರೆದು ಹಾಕಬಹುದು.